ಕೆ.ಕೆ. ಹೆಬ್ಬಾರ್

ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್ (ಜೂನ್ 15, 1911 – ಮಾರ್ಚ್ 26, 1996) ಕರ್ನಾಟಕ ಮೂಲದ ಪ್ರಸಿದ್ಧ ಭಾರತೀಯ ಚಿತ್ರಕಲಾವಿದರು. ಭಾರತದಲ್ಲಿಯೂ ಪ್ಯಾರಿಸ್‌ನಲ್ಲಿಯೂ ಶಿಕ್ಷಣ ಪಡೆದ ಇವರು ತೈಲವರ್ಣ ಚಿತ್ರಗಳು ಹಾಗೂ ಲಯಬದ್ಧ ರೇಖಾಚಿತ್ರಗಳಿಗೆ ಹೆಸರಾಗಿದ್ದಾರೆ.

ಜನನ ಮತ್ತು ಶಿಕ್ಷಣ

ಹೆಬ್ಬಾರರು ಉಡುಪಿ ಸಮೀಪದ ಕಟ್ಟಿಂಗೇರಿಯಲ್ಲಿ ಜನಿಸಿದರು. ತಂದೆ ಗಣೇಶನ ಮೂರ್ತಿಗಳನ್ನು ಮಾಡುತ್ತಿದ್ದುದರಿಂದ ಬಾಲ್ಯದಲ್ಲಿಯೇ ರೂಪ ಮತ್ತು ಬಣ್ಣಗಳ ಪರಿಚಯವಾಯಿತು. ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಲ್ಲಿ ಕೆಲಕಾಲ ಕಲಿತ ನಂತರ ಮುಂಬಯಿಗೆ ತೆರಳಿ, ಜಿ.ಎಸ್. ದಂಡಾವತಿಮಠರ ನೂತನ ಕಲಾಮಂದಿರದಲ್ಲಿ ಅಭ್ಯಾಸ ಮಾಡಿದರು. 1938ರಲ್ಲಿ ಸರ್ ಜೆ.ಜೆ. ಕಲಾಶಾಲೆಯಿಂದ ಡಿಪ್ಲೊಮಾ ಪಡೆದು, ಮುಂದೆ ಅಲ್ಲಿಯೇ ಕೆಲವು ವರ್ಷ ಅಧ್ಯಾಪಕರಾಗಿದ್ದರು.

ಶೈಲಿಯ ಬೆಳವಣಿಗೆ

ಕಲಾಶಾಲೆಯಲ್ಲಿ ದೊರೆತ ಪಾಶ್ಚಾತ್ಯ ವಾಸ್ತವವಾದಿ ತರಬೇತಿಯಿಂದ ಹೆಬ್ಬಾರರಿಗೆ ಕೈಪಳಗಿತಾದರೂ, ಅದರಲ್ಲಿ ತಮ್ಮದೆನ್ನುವಂಥದ್ದು ಕಾಣದೆ ಅತೃಪ್ತಿ ಉಳಿಯಿತು. ಇದರಿಂದಾಗಿ ಅವರು ಅಜಂತಾ ಭಿತ್ತಿಚಿತ್ರಗಳು, ಜೈನ ಹಸ್ತಪ್ರತಿಗಳು ಹಾಗೂ ರಜಪೂತ ಕಿರುಚಿತ್ರಗಳ ಅಧ್ಯಯನಕ್ಕೆ ತೊಡಗಿದರು. ಅಮೃತಾ ಶೇರ್‌ಗಿಲ್ ಮತ್ತು ಪಾಲ್ ಗೋಗಾಂ ಅವರ ಕೃತಿಗಳೂ ಪ್ರಭಾವ ಬೀರಿದವು. ಕೇರಳದ ಜನಜೀವನವನ್ನು ಕುರಿತ ಈ ಅವಧಿಯ ಚಿತ್ರಗಳಲ್ಲಿ ಸರಳಗೊಳಿಸಿದ ಆಕೃತಿಗಳೂ ಗಾಢ ವರ್ಣಗಳೂ ಕಂಡುಬರುತ್ತವೆ.

1949–50ರಲ್ಲಿ ಪ್ಯಾರಿಸ್‌ನ ಅಕಾಡೆಮಿ ಜೂಲಿಯಾಂನಲ್ಲಿ ಚಿತ್ರಕಲೆಯನ್ನು ಅಭ್ಯಸಿಸಿದರು. ಯುರೋಪಿನ ಆಧುನಿಕ ಕಲೆಯನ್ನು ಹತ್ತಿರದಿಂದ ಕಂಡರೂ ಅದನ್ನು ಅನುಕರಿಸಲಿಲ್ಲ. ಅಲ್ಲಿ ಕಲಿತ ತಂತ್ರವನ್ನು ಭಾರತದ ಹಳ್ಳಿ, ಹಬ್ಬ, ದುಡಿಮೆಯ ವಸ್ತುಗಳಿಗೆ ಅಳವಡಿಸಿದರು. ನಂತರದ ಕೃತಿಗಳಲ್ಲಿ ಬಡತನ, ಹಸಿವು, ಯುದ್ಧಗಳೂ ವಸ್ತುವಾದವು.

ರೇಖಾಚಿತ್ರಗಳು

ಲಯವನ್ನು ಅರಿಯುವ ಉದ್ದೇಶದಿಂದ ಹೆಬ್ಬಾರರು ಪಂಡಿತ್ ಸುಂದರ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರು. ನರ್ತಕರ ಹಾಗೂ ಸಂಗೀತಗಾರರ ಚಲನೆಯನ್ನು ಕೆಲವೇ ಗೆರೆಗಳಲ್ಲಿ ಹಿಡಿದಿಡುವ ಅವರ ರೇಖಾಚಿತ್ರಗಳು 'ದಿ ಸಿಂಗಿಂಗ್ ಲೈನ್' ಎಂಬ ಹೆಸರಿನಲ್ಲಿ ಗ್ರಂಥರೂಪದಲ್ಲಿ ಪ್ರಕಟವಾಗಿವೆ. ವರ್ಣದ ನೆರವಿಲ್ಲದೆ ರೇಖೆಯೊಂದರಿಂದಲೇ ಭಾವವನ್ನು ಮೂಡಿಸುವುದು ಇವುಗಳ ವೈಶಿಷ್ಟ್ಯ.

ಗೌರವಗಳು

ಭಾರತ ಸರ್ಕಾರವು ಇವರಿಗೆ 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳನ್ನು ನೀಡಿತು. ಲಲಿತಕಲಾ ಅಕಾಡೆಮಿಯ ರಾಷ್ಟ್ರೀಯ ಪ್ರಶಸ್ತಿಗೂ ಇವರು ಪಾತ್ರರಾಗಿದ್ದರು. ಜೀವನದ ಬಹುಭಾಗವನ್ನು ಮುಂಬಯಿಯಲ್ಲಿ ಕಳೆದ ಹೆಬ್ಬಾರರು 1996ರಲ್ಲಿ ಅಲ್ಲಿಯೇ ನಿಧನರಾದರು. ಇವರ ಪುತ್ರಿ ರೇಖಾ ರಾವ್ ಸಹ ಚಿತ್ರಕಲಾವಿದೆ. ಹುಟ್ಟೂರಿಗೆ ಸಮೀಪದ ಮಣಿಪಾಲದಲ್ಲಿ ಇವರ ಹೆಸರಿನ ಕಲಾ ಗ್ಯಾಲರಿ ಇದೆ.