ನೆಂಟರಿಗಲ್ಲದ ತಿಂಡಿ

ಅಮೆರಿಕಕ್ಕೆ ವಲಸೆ ಹೋದ ಇಂಗ್ಲಿಷರು ಇದ್ದುದರಲ್ಲೇ ಸುಧಾರಿಸಿಕೊಂಡಾಗ ಹುಟ್ಟಿದ ತಿಂಡಿ ಕಾಬ್ಲರ್. ಒವನ್ ಇಲ್ಲದ ಕಡೆ ಬೀಡುಕಬ್ಬಿಣದ ಪಾತ್ರೆಗೆ ಹಣ್ಣು ಸುರಿದು, ಮೇಲೆ ಹಿಟ್ಟು ಹೊದಿಸಿ, ಮುಚ್ಚಳದ ಮೇಲೂ ಕೆಂಡ ಹರಡಿ ಬೇಯಿಸುತ್ತಿದ್ದರು.

1839ರಲ್ಲಿ ಲೆಟಿಸ್ ಬ್ರಯಾನ್ ತಮ್ಮ ‘ದಿ ಕೆಂಟಕಿ ಹೌಸ್‌ವೈಫ್’ ಪುಸ್ತಕದಲ್ಲಿ ಪೀಚ್ ಹಣ್ಣಿನ ಕಾಬ್ಲರನ್ನು ಸೇರಿಸಿದರು. ನೆಂಟರೆದುರು ಇಡುವಂಥದ್ದಲ್ಲ, ಮನೆಮಂದಿಗೆ ಬಲು ಚೆನ್ನ ಎಂದರು. ನನಗಂತೂ ಇದು ಹೊಗಳಿಕೆಯಾಗಿಯೇ ಕೇಳಿಸುತ್ತದೆ. ಬಿಸಿಬಿಸಿಯಾಗಿ ತಟ್ಟೆಗೆ ಬಿದ್ದೊಡನೆ ರಸ ಹರಿದು ಆಕಾರ ಕೆಡುತ್ತದೆ, ನಿಜ. ಮನೆಯವರ ಮುಂದೆ ಯಾವ ನಾಚಿಕೆ?

ದಕ್ಷಿಣದ ಶ್ರೀಮಂತರ ಅಡುಗೆಮನೆಗಳಲ್ಲಿ ದುಡಿದವರು ಗುಲಾಮ ಹೆಂಗಸರು. ಅವರ ಹೆಸರುಗಳು ಪುಸ್ತಕಕ್ಕೆ ಬಂದದ್ದು ಅಪರೂಪ. ಗುಲಾಮಗಿರಿಯಲ್ಲೇ ಹುಟ್ಟಿದ ಆ್ಯಬಿ ಫಿಶರ್‌ಗೆ ಓದುಬರಹ ಬರುತ್ತಿರಲಿಲ್ಲ. ಆಕೆ ಬಾಯಲ್ಲಿ ಹೇಳಿದ್ದನ್ನು ಬೇರೆಯವರು ಬರೆದುಕೊಂಡರು. 1881ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಅದು ಪುಸ್ತಕವಾಯಿತು. ಅದರಲ್ಲೂ ಪೀಚ್ ಕಾಬ್ಲರ್ ಇದೆ.