ಕ್ಯಾಸನೂರು ಅರಣ್ಯ ಕಾಯಿಲೆಯ ಇತಿಹಾಸ

ಕ್ಯಾಸನೂರು ಅರಣ್ಯ ಕಾಯಿಲೆ: ಕಾಡಿನ ಉಣ್ಣೆಗಳ ಕಡಿತದಿಂದ ಮನುಷ್ಯರಿಗೂ ಮಂಗಗಳಿಗೂ ತಗಲುವ, ಕೆಲವರಲ್ಲಿ ರಕ್ತಸ್ರಾವಕ್ಕೆ ಎಡೆಗೊಡುವ ವೈರಾಣು ಜ್ವರ. ಮಲೆನಾಡಿನ ಜನ ಇದನ್ನು ಮಂಗನ ಕಾಯಿಲೆ ಎನ್ನುತ್ತಾರೆ. ಆರೋಗ್ಯ ಇಲಾಖೆಯ ದಾಖಲೆಗಳಲ್ಲಿ ಇದು ಕೆಎಫ್‌ಡಿ. ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ್ದರಿಂದ ಈ ಹೆಸರು ಬಂತು. 1971ರವರೆಗೂ ಕಾಯಿಲೆಯ ಹಾವಳಿ ಸೊರಬ, ಸಾಗರ ಮತ್ತು ಶಿರಾಳಕೊಪ್ಪವನ್ನು ಒಳಗೊಂಡ ಶಿಕಾರಿಪುರ, ಈ ಮೂರು ತಾಲ್ಲೂಕುಗಳಿಗೆ ಸೀಮಿತವಾಗಿತ್ತು.

ಪತ್ತೆ

1956-57ರ ಬೇಸಗೆಗಳಲ್ಲಿ ಕ್ಯಾಸನೂರು ಸುತ್ತಲಿನ ಹಳ್ಳಿಗಳಲ್ಲಿ ತೀವ್ರ ಜ್ವರ ಕಾಣಿಸಿಕೊಂಡಿತು. ಮೊದಮೊದಲು ವೈದ್ಯರು ಅದನ್ನು ವಿಷಮಶೀತ ಜ್ವರವೆಂದು ಶಂಕಿಸಿದರು. ಅದೇ ಹೊತ್ತಿಗೆ ಕಾಡಿನಲ್ಲಿ ಮುಸಿಯಗಳೂ ಕೆಂಪು ಮೂತಿಯ ಮಂಗಗಳೂ ಸಾಯುತ್ತಿದ್ದವು. 1957ರ ಮಾರ್ಚ್‌ನಲ್ಲಿ ಪುಣೆಯ ವೈರಸ್ ಸಂಶೋಧನಾ ಕೇಂದ್ರಕ್ಕೆ ಈ ಸುದ್ದಿ ತಲುಪಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ರಾಕ್‌ಫೆಲರ್ ಪ್ರತಿಷ್ಠಾನ 1952ರಲ್ಲಿ ಸ್ಥಾಪಿಸಿದ ಈ ಕೇಂದ್ರವೇ ಇಂದಿನ ರಾಷ್ಟ್ರೀಯ ವೈರಾಣು ವಿಜ್ಞಾನ ಸಂಸ್ಥೆ. ಮಂಗಗಳ ಸಾವು ಆಫ್ರಿಕ, ದಕ್ಷಿಣ ಅಮೆರಿಕಗಳ ಹಳದಿ ಜ್ವರವನ್ನು ನೆನಪಿಸುವಂತಿತ್ತು. ಆ ಜ್ವರ ಭಾರತಕ್ಕೂ ಕಾಲಿಟ್ಟಿತೇ ಎಂಬ ಆತಂಕದಿಂದ ವಿಜ್ಞಾನಿಗಳು ಸೊರಬದ ಕಾಡಿಗೆ ಧಾವಿಸಿದರು.

ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಮಂಗಗಳಿಂದಲೂ ರೋಗಿಗಳಿಂದಲೂ ಒಂದು ಹೊಸ ವೈರಾಣುವನ್ನು ಬೇರ್ಪಡಿಸಿದರು. ಅದು ಹಳದಿ ಜ್ವರದ್ದಾಗಿರಲಿಲ್ಲ. ರಷ್ಯಾದ ವಸಂತ-ಗ್ರೀಷ್ಮ ಮಿದುಳುರಿಯೂತದ ವೈರಾಣುವಿಗೆ ಹತ್ತಿರದ್ದಾಗಿತ್ತು. ಆ ವರ್ಷ 466 ಜನರಿಗೆ, ಮರುವರ್ಷ 181 ಜನರಿಗೆ ಕಾಯಿಲೆ ತಗಲಿತು. ಸೈಬೀರಿಯದಿಂದ ವಲಸೆ ಬರುವ ಹಕ್ಕಿಗಳು ಉಣ್ಣೆಗಳನ್ನು ಹೊತ್ತು ತಂದಿರಬಹುದೇ ಎಂಬ ಪ್ರಶ್ನೆ ಎದ್ದಾಗ, ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಸಲೀಂ ಅಲಿಯವರ ನೇತೃತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ಹಕ್ಕಿಗಳ ವಲಸೆಯ ಅಧ್ಯಯನ ಕೈಗೊಂಡಿತು. ಆ ಊಹೆಗೆ ಆಧಾರ ಸಿಗಲಿಲ್ಲ.

ಕಾಡು, ದನ, ಉಣ್ಣೆ

ವೈರಾಣುವಿನ ಮುಖ್ಯ ವಾಹಕ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣ್ಣೆ. ಅದರ ಮರಿಗಳು ಇಲಿ, ಮೂಗಿಲಿ, ಹಕ್ಕಿ, ಮಂಗಗಳ ರಕ್ತ ಹೀರಿದರೆ ಬೆಳೆದ ಉಣ್ಣೆಗಳು ದನ, ಜಿಂಕೆಗಳಂಥ ದೊಡ್ಡ ಪ್ರಾಣಿಗಳನ್ನು ಹತ್ತುತ್ತವೆ. ದನಗಳಿಗೆ ಕಾಯಿಲೆ ಬಾರದಿದ್ದರೂ ಉಣ್ಣೆಯ ಸಂತತಿ ಹೆಚ್ಚುವುದು ಅವುಗಳಿಂದಲೇ. ಗದ್ದೆಗಾಗಿ ಕಾಡು ಕಡಿದು, ಉಳಿದ ಕಾಡಂಚಿನಲ್ಲಿ ದನ ಮೇಯಿಸತೊಡಗಿದ್ದೇ ಕಾಯಿಲೆಗೆ ದಾರಿಯಾಯಿತೆಂದು ವಿಜ್ಞಾನಿ ಹೋರ್ಹೆ ಬೊಷೆಲ್ 1969ರ ಲೇಖನದಲ್ಲಿ ವಿವರಿಸಿದರು. ಮಂಗನ ಕಾಯಿಲೆಯ ತಿಳಿವಳಿಕೆಗೆ ಇಂದಿಗೂ ಇದೇ ತಳಹದಿ.

ವೈರಾಣು ತಗಲಿದ ಮಂಗ ಸತ್ತು ಬಿದ್ದರೆ, ಮೈ ತಣ್ಣಗಾಗುತ್ತಿದ್ದಂತೆ ಉಣ್ಣೆಗಳು ಇಳಿದು ಸುತ್ತಲಿನ ತರಗೆಲೆಗಳಲ್ಲಿ ಸೇರಿಕೊಳ್ಳುತ್ತವೆ. ಮಳೆಗಾಲ ಮುಗಿದ ಮೇಲೆ, ಮುಖ್ಯವಾಗಿ ಡಿಸೆಂಬರ್‌ನಿಂದ ಮೇ ವರೆಗೆ, ಕಣ್ಣಿಗೆ ಬೀಳುವುದೂ ಕಷ್ಟವೆನಿಸುವ ಉಣ್ಣೆಮರಿಗಳು ಹೀಗೆ ನೆಲ, ಪೊದೆಗಳಲ್ಲಿ ಕಾದಿರುತ್ತವೆ. ಕೊಟ್ಟಿಗೆಗೆ ಸೊಪ್ಪು, ದರಕು ತರುವವರು, ಸೌದೆ ಆಯುವವರು, ದನ ಮೇಯಿಸುವವರು ಅವುಗಳಿಗೆ ಮೊದಲು ಸಿಕ್ಕುತ್ತಾರೆ. ಮನುಷ್ಯರಿಂದ ಮನುಷ್ಯರಿಗೆ ಈ ಕಾಯಿಲೆ ಹರಡುವುದಿಲ್ಲ.

ಲಕ್ಷಣಗಳು

ಕಡಿತವಾಗಿ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಜ್ವರ, ತಲೆನೋವು, ಸಹಿಸಲಾಗದ ಮೈಕೈ ನೋವು, ಕೆಂಪು ಕಣ್ಣು, ವಾಂತಿ ಕಾಣಿಸಿಕೊಳ್ಳುತ್ತವೆ. ಕೆಲವರ ಮೂಗು, ವಸಡು, ಕರುಳಿನಲ್ಲಿ ರಕ್ತ ಒಸರುತ್ತದೆ. ಜ್ವರ ಇಳಿದು ಒಂದೆರಡು ವಾರಗಳ ಮೇಲೆ ಮತ್ತೆ ಮರುಕಳಿಸಿ ನರಮಂಡಲಕ್ಕೆ ತಗಲುವುದೂ ಉಂಟು. ರೋಗಿಗಳಲ್ಲಿ ಸುಮಾರು ನೂರಕ್ಕೆ 3ರಿಂದ 5 ಮಂದಿ ಸಾಯುತ್ತಾರೆ.

ವೈರಾಣು ಮತ್ತು ಜೀವಕೋಶ

ಇದು ಡೆಂಗೆ, ಹಳದಿ ಜ್ವರಗಳ ವೈರಾಣುಗಳಿರುವ ಫ್ಲಾವಿವೈರಸ್ ಗುಂಪಿಗೆ ಸೇರಿದ್ದು. ಇದರ ತಳಿಸೂತ್ರ ಸುಮಾರು 10,800 ಅಕ್ಷರಗಳ ಒಂದೇ ಆರ್‌ಎನ್‌ಎ ಎಳೆ. ಫ್ಲಾವಿವೈರಸ್‌ಗಳ ಆರ್‌ಎನ್‌ಎಯನ್ನು ಕೊರೆದು ಹಾಕಲು ಬರುವ ಕೋಶದ ಕಿಣ್ವ, ಎಳೆಯ ತುದಿಗೆ ಹತ್ತಿರದ ಗಂಟಿನಲ್ಲಿ ಸಿಕ್ಕಿ ನಿಲ್ಲುತ್ತದೆ. ಉಳಿದ ತುಣುಕು ಕೋಶದ ರಕ್ಷಣೆಯನ್ನೇ ಕುಂದಿಸುತ್ತದೆ. ಕಡಿತದ ಜಾಗದಲ್ಲಿ ಉಣ್ಣೆಯ ಜೊಲ್ಲು ಚರ್ಮದ ನೋವನ್ನೂ ರೋಗನಿರೋಧಕ ಪ್ರತಿಕ್ರಿಯೆಯನ್ನೂ ತಗ್ಗಿಸುವುದರಿಂದ ಉಣ್ಣೆ ಕಡಿದದ್ದು ಎಷ್ಟೋ ವೇಳೆ ಅರಿವಿಗೇ ಬರುವುದಿಲ್ಲ.

ಹರಡಿಕೆ

1972ರ ನಂತರ ಹೊಸ ನೆಲೆಗಳು ಕಾಣಿಸಿಕೊಂಡವು. 1983ರಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿ ಸೀಮೆಯಲ್ಲಿ 1,555 ಜನರಿಗೆ ತಗಲಿ 150 ಮಂದಿ ಸತ್ತರು. 2012ರಲ್ಲಿ ಬಂಡೀಪುರ, ನೀಲಗಿರಿ, ಬಳಿಕ ಕೇರಳದ ವಯನಾಡು, 2015ರಲ್ಲಿ ಗೋವಾ, 2016ರಲ್ಲಿ ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಯಲ್ಲಿ ಕಾಯಿಲೆ ಕಾಣಿಸಿಕೊಂಡಿತು. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು.

ಲಸಿಕೆ ಮತ್ತು ತಡೆ

ಮೊದಲು ರಷ್ಯಾದ ಮಿದುಳುರಿಯೂತದ ಲಸಿಕೆಯನ್ನು ಪ್ರಯೋಗಿಸಿದಾಗ ಫಲ ದೊರೆಯಲಿಲ್ಲ. ಕೋಳಿಭ್ರೂಣದ ಜೀವಕೋಶಗಳಲ್ಲಿ ವೈರಾಣು ಬೆಳೆಸಿ, ಫಾರ್ಮಲಿನ್‌ನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1960ರ ದಶಕದಲ್ಲಿ ರೂಪಿಸಲಾಯಿತು. 1990ರ ನಂತರ ಅದನ್ನು ಕರ್ನಾಟಕದ ಪೀಡಿತ ಪ್ರದೇಶಗಳಲ್ಲಿ ವ್ಯಾಪಕವಾಗಿ ನೀಡಿದರು. 2005ರಿಂದ 2010ರ ಮಾಹಿತಿಯ ಪ್ರಕಾರ ಎರಡು ಡೋಸು ಪಡೆದವರಲ್ಲಿ ಅದರ ಪರಿಣಾಮ ಶೇ. 62.4, ಬೂಸ್ಟರ್ ಪಡೆದವರಲ್ಲಿ ಶೇ. 82.9. ಲಸಿಕೆಯ ಸತ್ವ ಕುಂದಿದ್ದರಿಂದ 2022ರಲ್ಲಿ ಅದನ್ನು ನಿಲ್ಲಿಸಲಾಯಿತು. ಹೊಸ ಲಸಿಕೆಯ ಕೆಲಸವನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಜೊತೆ ಕೈಗೊಂಡಿದೆ.

ಈ ಕಾಯಿಲೆಗೆ ನಿರ್ದಿಷ್ಟ ಔಷಧಿ ಇಲ್ಲ. ಆಸ್ಪತ್ರೆಯ ಆರೈಕೆಯೇ ಆಸರೆ. ಆದ್ದರಿಂದ ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು ಉಣ್ಣೆ ನಿವಾರಕ ಎಣ್ಣೆ ಹಚ್ಚಿಕೊಳ್ಳಬೇಕು; ಮರಳಿ ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಬೇಕು. ಸತ್ತ ಮಂಗ ಕಂಡರೆ ಮುಟ್ಟದೆ, ಕೂಡಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೋ ಅರಣ್ಯ ಇಲಾಖೆಗೋ ತಿಳಿಸಬೇಕು.