ಅಡುಗೆಮನೆಯ ಮಾತು, ಬೀದಿಯ ಮಾತು

ಯುಗಾದಿಯ ದಿನ ರಾವ್ ತುಲಾರಾಮ್ ಮಾರ್ಗದ ನಮ್ಮ ಸಂಘದ ಸಭಾಂಗಣದಲ್ಲಿ ಕುಳಿತರೆ ಒಂದು ದೃಶ್ಯ ತಪ್ಪದೆ ಕಣ್ಣಿಗೆ ಬೀಳುತ್ತದೆ. ತಾಯಿ ಕನ್ನಡದಲ್ಲಿ ಕೇಳುತ್ತಾಳೆ, ಮಗು ಹಿಂದಿಯಲ್ಲಿ ಉತ್ತರ ಕೊಡುತ್ತದೆ, ಪಕ್ಕದಲ್ಲಿದ್ದ ಅಜ್ಜಿ ನಿಟ್ಟುಸಿರು ಬಿಡುತ್ತಾರೆ. ಈ ಮಕ್ಕಳು ಕೊನೆಗೆ ಎಲ್ಲಿಯವರಾಗುತ್ತಾರೆ ಎಂಬ ಚಿಂತೆ ದ್ವಾರಕಾದಿಂದ ನೋಯಿಡಾದವರೆಗೆ ನಮ್ಮೆಲ್ಲರ ಮನೆಗಳಲ್ಲೂ ಉಂಟು.

ಆಗೆಲ್ಲ ನನಗೆ ಮೈಸೂರಿನ ಒಂದು ಮನೆ ನೆನಪಾಗುತ್ತದೆ. 1929ರಲ್ಲಿ ಹುಟ್ಟಿದ ಎ. ಕೆ. ರಾಮಾನುಜನ್ ಬೆಳೆದ ಮನೆ. ಮಹಡಿಯ ಮೇಲೆ ತಂದೆಯವರ ಓದುವ ಕೋಣೆ; ಅಲ್ಲಿ ಇಂಗ್ಲಿಷು, ಸಂಸ್ಕೃತ. ಕೆಳಗೆ ಅಡುಗೆಮನೆಯಲ್ಲಿ ತಮಿಳು. ಅಜ್ಜಿ ರಾತ್ರಿ ಮಕ್ಕಳನ್ನೆಲ್ಲ ಕೂರಿಸಿಕೊಂಡು ಊಟ ಮಾಡಿಸುತ್ತ ಕಥೆ ಹೇಳುತ್ತಿದ್ದದ್ದು ಅದರಲ್ಲಿ. ಹೊಸ್ತಿಲು ದಾಟಿದರೆ ಕನ್ನಡ.

ಅಂದರೆ, ಇಂದು ದೆಹಲಿಯಲ್ಲಿ ನಮ್ಮ ಮಕ್ಕಳಿಗೆ ಹಿಂದಿ ಹೇಗೋ, ಆ ಹುಡುಗನಿಗೆ ಕನ್ನಡ ಹಾಗೆ! ಆ ಬೀದಿಯ ಮಾತಿನಲ್ಲೇ ಅವರು 1969ರಲ್ಲಿ ‘ಹೊಕ್ಕುಳಲ್ಲಿ ಹೂವಿಲ್ಲ’ ಕವನ ಸಂಕಲನ ತಂದರು. ಅವರು ಇಂಗ್ಲಿಷಿಗೆ ತಂದ ವಚನಗಳು 1973ರಲ್ಲಿ ಪುಸ್ತಕವಾಗಿ ಹೊರಬಂದವು. ಬೇಂದ್ರೆಯವರ ಮನೆಮಾತು ಮರಾಠಿ, ಮಾಸ್ತಿಯವರದು ತಮಿಳು, ಗೋವಿಂದ ಪೈಗಳದು ಕೊಂಕಣಿ. ಹಿಂದಿಯನ್ನು ದೂರುವಾಗ ನಾವು ಇದನ್ನು ಅನುಕೂಲಕ್ಕೆ ಮರೆಯುತ್ತೇವೆ.

ಆದರೆ ಭಾಷೆಗಿಂತ ದೊಡ್ಡ ತೊಡಕು ಆ ಮನೆಯಲ್ಲಿತ್ತು. ತಂದೆ ಗಣಿತದ ಪ್ರಾಧ್ಯಾಪಕರು, ಖಗೋಳಶಾಸ್ತ್ರ ಬಲ್ಲವರು; ಜೊತೆಗೆ ಜ್ಯೋತಿಷ್ಯದಲ್ಲೂ ಪಳಗಿದವರು. ಪಂಚೆಯ ಮೇಲೆ ಇಂಗ್ಲಿಷ್ ಕೋಟು, ಹಣೆಯಲ್ಲಿ ನಾಮ. ಅವರನ್ನು ಕಾಣಲು ವಿದೇಶದ ಗಣಿತಜ್ಞರೂ ಬರುತ್ತಿದ್ದರು, ಊರಿನ ಜೋಯಿಸರೂ ಬರುತ್ತಿದ್ದರು. ಆಗತಾನೆ ಬರ್ಟ್ರಂಡ್ ರಸೆಲ್‌ನನ್ನು ಓದಿ ವಿಜ್ಞಾನದ ಕಡೆ ವಾಲಿದ್ದ ಮಗನಿಗೆ ಇದು ಸಹಿಸಲಾಗದ ಸಂಗತಿ. ಹೊಸದಾಗಿ ಕಂಡುಹಿಡಿದ ನೆಪ್ಚೂನ್, ಪ್ಲೂಟೋಗಳನ್ನು ನಿಮ್ಮ ನವಗ್ರಹಗಳಲ್ಲಿ ಎಲ್ಲಿಡುತ್ತೀರಿ ಎಂದು ಕೇಳಿದ. ಬೇಕಾದ ತಿದ್ದುಪಡಿ ಮಾಡಿಕೊಂಡರಾಯಿತು ಎಂದರು ತಂದೆ. ಸ್ನಾನ ಮಾಡಿ ಗೀತೆ ಓದಿ, ಆಮೇಲೆ ರಸೆಲ್‌ನನ್ನು ಹೊಗಳುವುದು ಹೇಗೆ ಎಂದದ್ದಕ್ಕೆ, ಮಿದುಳಿಗೆ ಎರಡು ಪಾಲುಗಳಿವೆಯಲ್ಲ ಎಂದು ನೆನಪಿಸಿದರು.

ಮಗನಿಗೆ ಆಗ ಸಮಾಧಾನವಾಗಲಿಲ್ಲ. ಅದು ಕಪಟವೇ, ಅರೆಮನಸ್ಸೇ, ಅಥವಾ ಬೇರೊಂದು ಬಗೆಯ ವಿವೇಕವೇ ಎಂಬ ಪ್ರಶ್ನೆಯನ್ನು ಸಮುದ್ರದಾಚೆಗೂ ಹೊತ್ತೊಯ್ದರು. 1989ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ ತಂದೆಯ ಕಥೆ ಹೇಳಿ ಅವರು ಕೊಟ್ಟ ಉತ್ತರವಿದು: ಎಲ್ಲೆಡೆ ಒಂದೇ ನಿಯಮ ಸಲ್ಲಬೇಕೆನ್ನುವ ಯೋಚನಾಕ್ರಮ ಒಂದು, ಕಾಲ, ದೇಶ, ಪಾತ್ರ ನೋಡಿ ನಿಯಮ ಬದಲಾಗುತ್ತದೆನ್ನುವುದು ಇನ್ನೊಂದು. ನಮ್ಮವರು ಹೆಚ್ಚಾಗಿ ಎರಡನೆಯ ಬಗೆಯವರು. ಇದನ್ನು ಬರೆಯುವಾಗ ಅವರಿಗೆ ಅರವತ್ತರ ಸನಿಹ! ಹದಿನೈದು ವರ್ಷದ ಮಕ್ಕಳಿಂದ ನಾವು ನಾಳೆಯೇ ಉತ್ತರ ಬಯಸುತ್ತೇವೆ.

ಅಡುಗೆಮನೆಯ ತಮಿಳು ಏನಾಯಿತು? 1962ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯಕ್ಕೆ ಹೊಸದಾಗಿ ಬಂದಾಗ, ಒಂದು ಶನಿವಾರ ಹಳೆಯ ತಮಿಳಿನ ವ್ಯಾಕರಣ ಹುಡುಕುತ್ತ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಸಿಕ್ಕಿದ್ದು ಸ್ವಾಮಿನಾಥ ಅಯ್ಯರ್ 1937ರಲ್ಲಿ ಸಂಪಾದಿಸಿದ್ದ ಪ್ರಾಚೀನ ತಮಿಳು ಕವಿತೆಗಳ ಸಂಕಲನ. ಅವುಗಳ ಅವರ ಇಂಗ್ಲಿಷ್ ಅನುವಾದ 1967ರಲ್ಲಿ ಹೊರಬಂತು. ಅಜ್ಜಿಯ ಕಥೆಗಳು ಕಿವಿಯಲ್ಲಿ ಇರದಿದ್ದರೆ ಆ ಪುಸ್ತಕದ ಮುಂದೆ ಅವರು ನಿಲ್ಲುತ್ತಿದ್ದರೋ ಇಲ್ಲವೋ.

ನಮ್ಮ ಮನೆಯಲ್ಲಿ ಮೊಮ್ಮಕ್ಕಳಿಗೆ ಅನ್ನ ಕಲಸಿ ಕಥೆ ಹೇಳುವವರು ನಮ್ಮಮ್ಮ. ದೀಪಾವಳಿ ಕಳೆಯುತ್ತಲೇ ಇಲ್ಲಿನ ಹೊಗೆ, ಚಳಿ ತಡೆಯದೆ ಹಾಸನಕ್ಕೆ ಹೊರಟುಬಿಡುತ್ತಾರೆ. ಈ ಸಲ ದಸರಾಕ್ಕೆ ಒಂದು ತಿಂಗಳು ಮುಂಚೆಯೇ ಬನ್ನಿ ಎಂದು ಕಾಗದ ಬರೆದಿದ್ದೇನೆ. ಇನ್ನೂ ಒಪ್ಪಿಲ್ಲ.